ಬಾಡಿಗೆ ಮೋಟಾರು ಮತ್ತು ವಿಮೆಯ ಚಿಂತೆ

ಪರೀಕ್ಷೆಗಳು ಮುಗಿದು ಬೇಸಗೆಯ ರಜೆ ಪ್ರಾಪ್ತವಾಯಿತೆಂದರೆ, ಬಳ್ಳಾರಿಯ ಬಿಸಿಲನ್ನು ಬಲ್ಲ ಯಾವ ಗೃಹಸ್ಥನಿಗೂ ಹೆಂಡಿರು ಮಕ್ಕಳೊಡನೆ ನಾಲ್ಕು ದಿನ ಎಲ್ಲಿಗಾದರೂ ಹೋಗಿಬರಬೇಕೆಂಬ ಇಚ್ಛೆ ಹುಟ್ಟುವುದು ಸಹಜ. ಕೆಲವರು ಮಂತ್ರಾಲಯಕ್ಕೆ, ಕೆಲವರು ಶ್ರೀಶೈಲಕ್ಕೆ, ಮತ್ತೆ ಕೆಲವರು ಗೋಕರ್ಣದ ಕಡಲತೀರಕ್ಕೆ ಹೊರಡುವರು. ಹಿಂದೆ ರೈಲನ್ನೂ ಬಸ್ಸನ್ನೂ ನಂಬಿದ್ದ ಮಧ್ಯಮ ಸ್ಥಿತಿಯ ಕುಟುಂಬಗಳು ಈಗ ಬಾಡಿಗೆಯ ಕಾರನ್ನು ಗೊತ್ತುಮಾಡಿಕೊಳ್ಳುವುದು ರೂಢಿಯಾಗಿದೆ. ಬುತ್ತಿ ಕಟ್ಟಿಯಾಗುತ್ತದೆ, ಬಟ್ಟೆಬರೆಗಳ ಗಂಟು ಸಿದ್ಧವಾಗುತ್ತದೆ. ಆಗ ಮನೆಯ ಯಜಮಾನನ ಮನಸ್ಸಿನಲ್ಲಿ ಒಂದು ಪ್ರಶ್ನೆ ಸುಳಿಯುತ್ತದೆ: ದಾರಿಯಲ್ಲಿ ಏನಾದರೂ ಆದರೆ ಗತಿಯೇನು? ಹೊರಡುವ ಹೊತ್ತಿನಲ್ಲಿ ಅಪಶಕುನ ನುಡಿಯಬಾರದೆಂದು ಹಿರಿಯರು ಗದರಿಸುವರು, ಯಜಮಾನನು ಸುಮ್ಮನಾಗುವನು.

ಈ ಚಿಂತೆಯು ಅಪಶಕುನವಲ್ಲ, ಹೇಡಿತನವೂ ಅಲ್ಲ. ಒಂದು ಸಂಸಾರದ ಭಾರವನ್ನು ಹೊತ್ತವನು ಮಾಡಲೇಬೇಕಾದ ಗೃಹಕೃತ್ಯಗಳಲ್ಲಿ ಅದೂ ಒಂದೆಂಬುದು ನಮ್ಮ ಅಭಿಪ್ರಾಯ. ಆದರೆ ನಮ್ಮ ಜನರು ಚಿಂತಿಸತಕ್ಕ ವಿಷಯವನ್ನು ಬಿಟ್ಟು ಬೇರೆ ವಿಷಯಗಳಿಗೆ ಚಿಂತಿಸುತ್ತಿರುವರೆಂದು ವಿಷಾದದಿಂದ ಹೇಳಬೇಕಾಗಿದೆ. ಕಿಲೋಮೀಟರಿಗೆ ಒಂದು ರೂಪಾಯಿ ಇಳಿಸಬೇಕೆಂದು ಅರ್ಧ ಗಂಟೆ ಚೌಕಾಸಿ ನಡೆಯುತ್ತದೆ. ಕಾರಿನ ಮೈಮೇಲೆ ಮೊದಲೇ ಇದ್ದ ಗೀರುಗಳನ್ನು ಎಣಿಸಿ ಫೋಟೋ ತೆಗೆದುಕೊಳ್ಳುವ ಜಾಣರೂ ಇದ್ದಾರೆ. ಆದರೆ ಈ ಕಾರು ಯಾವ ಉಪಯೋಗಕ್ಕಾಗಿ ವಿಮೆ ಪಡೆದಿದೆ, ಅದರೊಳಗೆ ಕುಳಿತವರಲ್ಲಿ ಯಾರ ಪ್ರಾಣಕ್ಕೆ ಆ ವಿಮೆಯ ಆಸರೆಯಿದೆ ಎಂಬೆರಡು ಪ್ರಶ್ನೆಗಳನ್ನು ಕೇಳುವವರು ನೂರಕ್ಕೊಬ್ಬರೂ ಇಲ್ಲ. ಗೀರಿನ ನಷ್ಟ ಕೆಲವು ಸಾವಿರ ರೂಪಾಯಿಗಳಲ್ಲಿ ತೀರುವುದು. ಈ ಎರಡು ಪ್ರಶ್ನೆಗಳ ನಷ್ಟವು ಒಂದು ಮನೆತನವನ್ನೇ ಮುಳುಗಿಸಬಲ್ಲದು.

ಮೋಟಾರು ವಿಮೆಯ ಮೂಲವನ್ನು ತಿಳಿದರೆ ಅದರ ಮರ್ಮವೂ ತಿಳಿಯುವುದು. ಇಂಗ್ಲೆಂಡಿನಲ್ಲಿ 1930ರ ರಸ್ತೆ ಸಂಚಾರ ಕಾಯಿದೆಯು ಪ್ರತಿಯೊಂದು ಮೋಟಾರಿಗೂ ಮೂರನೆಯವರ ವಿಮೆಯನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆಯಲ್ಲಿ ಅದೇ ತತ್ತ್ವವನ್ನು ಸೇರಿಸಲಾಯಿತಾದರೂ, ವಿಮೆಯ ಅಧ್ಯಾಯವು ಜಾರಿಗೆ ಬಂದದ್ದು 1946ನೆಯ ಜುಲೈ 1ರಂದು. ಈಗ ನಡೆಯುತ್ತಿರುವ 1988ರ ಕಾಯಿದೆಯ 146ನೆಯ ಕಲಮು ಅದನ್ನೇ ಮುಂದುವರಿಸಿದೆ. ಇಲ್ಲಿ ಮೊದಲನೆಯವನು ವಿಮೆ ಮಾಡಿಸಿದವನು, ಎರಡನೆಯದು ಕಂಪೆನಿ, ಮೂರನೆಯವನು ದಾರಿಯಲ್ಲಿ ಹೋಗುವ ಬಡಪಾಯಿ. ಆ ಮೂರನೆಯವನ ರಕ್ಷಣೆಯೇ ಕಾಯಿದೆಯ ಮುಖ್ಯ ಉದ್ದೇಶ. ಕಾರಿನೊಳಗಿರುವವರ ರಕ್ಷಣೆಯೂ ಕಾರಿನ ರಕ್ಷಣೆಯೂ ಅದರಿಂದ ತಾನಾಗಿ ಸಿದ್ಧಿಸುವುದಿಲ್ಲ. "ಇನ್ಶೂರೆನ್ಸ್ ಇದೆ" ಎಂಬ ಎರಡು ಶಬ್ದಗಳನ್ನು ಕೇಳಿ ನಿಶ್ಚಿಂತರಾಗುವವರು ಈ ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಕಾರುಗಳ ಜಾತಿಯನ್ನು ನೋಡೋಣ. ಅದು ನಂಬರು ಫಲಕದ ಬಣ್ಣದಲ್ಲಿಯೇ ಬರೆದಿರುವುದರಿಂದ ತಿಳಿಯಲು ಯಾವ ವಕೀಲರ ಸಹಾಯವೂ ಬೇಡ. ಬಿಳಿಯ ಹಲಗೆಯ ಮೇಲೆ ಕಪ್ಪಕ್ಷರಗಳಿದ್ದರೆ ಅದು ಮಾಲೀಕನ ಸ್ವಂತ ಉಪಯೋಗದ ಕಾರು. ಹಳದಿ ಹಲಗೆಯ ಮೇಲೆ ಕಪ್ಪಕ್ಷರಗಳಿದ್ದರೆ ಅದು ಪರ್ಮಿಟ್ಟು ಪಡೆದು, ಚಾಲಕನೊಡನೆ ಬಾಡಿಗೆಗೆ ಓಡುವ ಟ್ಯಾಕ್ಸಿ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರಗಳಿದ್ದರೆ ಅದು ಬಾಡಿಗೆಗೆ ಹಿಡಿದವರು ತಾವೇ ನಡೆಸಬಹುದಾದ ಕಾರು. ಈ ಮೂರನೆಯ ವರ್ಗಕ್ಕೆ ಕೇಂದ್ರ ಸರಕಾರದವರು 1989ರಲ್ಲಿ ಒಂದು ಯೋಜನೆಯನ್ನು ಹೊರಡಿಸಿದರು. ಅದರ ಮೇರೆಗೆ ಲೈಸೆನ್ಸು ಬೇಕೆಂಬವನ ಬಳಿ ಕನಿಷ್ಠ 50 ಕಾರುಗಳಿರಬೇಕು. ಬೆಂಗಳೂರಿನಲ್ಲಿ ಇದು ಸಾಧ್ಯವಾದೀತು. ಆದರೆ ಮನೆಯ ಮುಂದೆ ಎರಡು ಮೂರು ಕಾರುಗಳನ್ನು ನಿಲ್ಲಿಸಿಕೊಂಡು "ಸೆಲ್ಫ್ ಡ್ರೈವ್ ದೊರೆಯುತ್ತದೆ" ಎಂದು ಹೇಳುವವನು ಆ ಯೋಜನೆಯ ಹೊರಗಿನವನೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುವುದು. ಅಂಥವನ ಕಾರಿಗೆ ಬಿಳಿ ಬೋರ್ಡೇ ಇರುವುದು.

ಬಿಳಿ ಬೋರ್ಡಿನ ಕಾರು ಅಗ್ಗವಾಗಿ ಸಿಕ್ಕುವುದಕ್ಕೆ ಕಾರಣವಿದೆ. 2022ನೆಯ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000ದಿಂದ 1,500 ಸಿ.ಸಿ. ವರೆಗಿನ ಸ್ವಂತ ಕಾರಿಗೆ ಮೂರನೆಯವರ ವಿಮೆಯ ವಾರ್ಷಿಕ ಕಂತು 3,416 ರೂಪಾಯಿ; ಅಷ್ಟೇ ಶಕ್ತಿಯ ಟ್ಯಾಕ್ಸಿಗೆ 7,940 ರೂಪಾಯಿ, ಮೇಲೆ ಒಬ್ಬೊಬ್ಬ ಪ್ರಯಾಣಿಕನಿಗೆ 978 ರೂಪಾಯಿ. ನಾಲ್ವರು ಪ್ರಯಾಣಿಕರ ಕಾರಿಗೆ ಒಟ್ಟು 11,852 ರೂಪಾಯಿಗಳಾಗುವುವು. ಅಂದರೆ ಮೂರು ಪಟ್ಟಿಗಿಂತಲೂ ಹೆಚ್ಚು. ಪರ್ಮಿಟ್ಟು, ತೆರಿಗೆ, ಯೋಗ್ಯತಾಪತ್ರಗಳ ಖರ್ಚು ಇದಕ್ಕೆ ಹೊರತು. ಟ್ಯಾಕ್ಸಿಯವನು ಹೆಚ್ಚಾಗಿ ಕೊಟ್ಟ ಹಣದಲ್ಲಿ ಆತನ ಪ್ರಯಾಣಿಕರ ಹೆಸರಿನ ಭಾಗವೂ ಸೇರಿದೆ. ಬಿಳಿ ಬೋರ್ಡಿನವನು ಕೊಡದೆ ಉಳಿಸಿದ ಹಣದಲ್ಲಿಯೂ ಪ್ರಯಾಣಿಕರ ಭಾಗವೇ ಸೇರಿದೆ. ನಾವು ಚೌಕಾಸಿಯಲ್ಲಿ ಗೆದ್ದೆವೆಂದು ಹಿಗ್ಗುವ ರಿಯಾಯಿತಿಯು ಬಹುಮಟ್ಟಿಗೆ ನಮ್ಮ ರಕ್ಷಣೆಯನ್ನೇ ಮಾರಿ ಬಂದ ಹಣವಾಗಿರುತ್ತದೆ.

ಸ್ವಂತ ಕಾರಿನ ಪಾಲಿಸಿಯನ್ನು ಬಿಚ್ಚಿ ನೋಡಿದರೆ "ಉಪಯೋಗದ ಮಿತಿ" ಎಂಬ ಅರ್ಥದ ಒಂದು ಭಾಗ ಕಾಣುವುದು. ಬಾಡಿಗೆಗಾಗಿ ಅಥವಾ ಪ್ರತಿಫಲಕ್ಕಾಗಿ ಉಪಯೋಗಿಸಿದಲ್ಲಿ ಈ ವಿಮೆ ಅನ್ವಯಿಸದೆಂದು ಅಲ್ಲಿ ಬರೆದಿರುತ್ತದೆ. ಪರ್ಮಿಟ್ಟಿಲ್ಲದ ವಾಹನವನ್ನು ಬಾಡಿಗೆಗೆ ಓಡಿಸಿದಾಗ ಈ ಷರತ್ತಿನ ಉಲ್ಲಂಘನೆಯನ್ನು ಕೋರ್ಟಿನಲ್ಲಿ ಎತ್ತಲು ಕಾಯಿದೆಯೇ ಕಂಪೆನಿಗೆ ಅವಕಾಶ ಕೊಟ್ಟಿದೆ. ಆದುದರಿಂದ ಇದನ್ನು ಕಂಪೆನಿಯವರ ಕುಯುಕ್ತಿಯೆಂದು ಬೈದು ಪ್ರಯೋಜನವಿಲ್ಲ. 2008ರಲ್ಲಿ, ಟ್ಯಾಕ್ಸಿಯಂತೆ ಓಡುತ್ತಿದ್ದ ಸ್ವಂತ ವಾಹನವೊಂದು ಕಳುವಾದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಕಂಪೆನಿಯು ಪೂರ್ಣವಾಗಿ ಕೈತೊಳೆದುಕೊಳ್ಳುವಂತಿಲ್ಲವೆಂದು ಹೇಳಿ ನೂರಕ್ಕೆ 75ರಷ್ಟನ್ನು ಕೊಡಿಸಿತು. 2010ರಲ್ಲಿ ಮತ್ತೊಂದು ಮೊಕದ್ದಮೆಯಲ್ಲಿಯೂ ಒಂದಂಶವನ್ನು ಕೊಡಿಸಿತು. ಆದರೆ ಆ ಒಂದಂಶಕ್ಕಾಗಿ ವಾಹನದ ಮಾಲೀಕರು ದೆಹಲಿಯ ತನಕ ನಡೆಯಬೇಕಾಯಿತೆಂಬುದನ್ನು ಮರೆಯಬಾರದು. ಸಿರುಗುಪ್ಪೆಯ ಗುಮಾಸ್ತನೊಬ್ಬನು ದೆಹಲಿಯ ತನಕ ನಡೆಯಬಲ್ಲನೆ?

ಬಳ್ಳಾರಿಯಂಥ ನಗರದಲ್ಲಿ ಅಪರಿಚಿತನಿಂದ ಕಾರು ಪಡೆಯುವಾಗ ಕಾಗದ ಕೇಳಲು ಸಂಕೋಚವಿಲ್ಲ. ಸಿರುಗುಪ್ಪೆ, ಕುರುಗೋಡುಗಳ ರೀತಿ ಬೇರೆ. ಅಲ್ಲಿ ಕಾರಿನ ಒಡೆಯನು ಬಂಧುವಾಗಿರುವನು, ಸಹಪಾಠಿಯಾಗಿರುವನು, ದೊಡ್ಡಬಸವೇಶ್ವರನ ತೇರಿನ ದಿನ ಒಟ್ಟಿಗೆ ಹಗ್ಗ ಹಿಡಿದವನಾಗಿರುವನು. "ಡೀಸೆಲ್ ಹಾಕಿಸಿಕೊಳ್ಳಿರಿ, ಮೇಲೆ ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಿರಿ" ಎಂದು ಔದಾರ್ಯದಿಂದ ಹೇಳುವವನ ಮುಂದೆ ವಿಮಾ ಪತ್ರ ತೋರಿಸೆನ್ನುವುದು ಅವಮಾನವೆಂದು ಜನರು ಭಾವಿಸುವರು. ಈ ವಿಶ್ವಾಸವು ನಮ್ಮ ಊರುಗಳ ದೊಡ್ಡ ಸಂಪತ್ತೆಂಬುದನ್ನು ನಾವು ಬಲ್ಲೆವು. ಆದರೆ ಅಪಘಾತವಾದ ಮರುದಿನ ಮೊದಲು ಒಡೆಯುವುದೂ ಅದೇ ವಿಶ್ವಾಸ. ನಷ್ಟವನ್ನು ಯಾರು ತುಂಬಬೇಕೆಂಬ ಜಗಳದಲ್ಲಿ ಎರಡು ಮನೆಗಳ ನಡುವಿನ ಬಳಕೆ ನಿಂತುಹೋಗುವುದು. ಬಾಡಿಗೆಯ ಹಣ ಕೈಬದಲಾಯಿತೇ ಇಲ್ಲವೇ ಎಂಬ ವಿಷಯದಲ್ಲಿ ಒಬ್ಬನು ಸುಳ್ಳು ಹೇಳಬೇಕಾಗುವುದು, ಇಲ್ಲವೆ ಇಬ್ಬರೂ ಕೂಡಿ ಹೇಳಬೇಕಾಗುವುದು. ಸ್ನೇಹವನ್ನು ಉಳಿಸಿಕೊಳ್ಳಬೇಕೆನ್ನುವವರೇ ಮೊದಲು ಕಾಗದ ನೋಡತಕ್ಕದ್ದು.

ಅಪಘಾತವಾದರೆ ಯಾರ ಸ್ಥಿತಿ ಏನಾಗುವುದೆಂಬುದನ್ನು ಒಬ್ಬೊಬ್ಬರಾಗಿ ವಿಚಾರಿಸೋಣ. ಸಿರುಗುಪ್ಪೆಯ ರಸ್ತೆಯಲ್ಲಿ ಭತ್ತದ ಟ್ರಾಕ್ಟರುಗಳು ಸಂಜೆಯ ಮಬ್ಬಿನಲ್ಲಿ ಹಿಂದಿನ ದೀಪವಿಲ್ಲದೆ ಹೋಗುವುದನ್ನು ನೋಡದವರಿಲ್ಲ; ತೋರಣಗಲ್ಲಿನ ಕಡೆ ಅದಿರಿನ ಲಾರಿಗಳ ಸಾಲೇ ಇರುತ್ತದೆ. ಇಂಥ ದಾರಿಯಲ್ಲಿ ನಮ್ಮ ಕಾರು ಒಬ್ಬ ಸೈಕಲ್ ಸವಾರನಿಗೆ ತಗುಲಿತೆಂದು ಊಹಿಸಿರಿ. ಆತನೇ ಮೂರನೆಯವನು. ನ್ಯಾಯಾಧಿಕರಣವು ಗೊತ್ತುಮಾಡಿದ ಪರಿಹಾರವನ್ನು ಆತನಿಗೆ ಅಥವಾ ಆತನ ವಾರಸುದಾರರಿಗೆ ವಿಮಾ ಕಂಪೆನಿಯು ಕೊಡುವುದು ಸಾಮಾನ್ಯ. ಆದರೆ ಪರ್ಮಿಟ್ಟಿಲ್ಲದೆ ಓಡುತ್ತಿದ್ದ ಗಾಡಿಯ ವಿಷಯದಲ್ಲಿ, ಕಂಪೆನಿಯು ಮೊದಲು ಹಣ ಕೊಟ್ಟು ಅನಂತರ ಅದನ್ನು ಮಾಲೀಕನಿಂದಲೂ ಚಾಲಕನಿಂದಲೂ ವಸೂಲು ಮಾಡಿಕೊಳ್ಳಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ತಾನೇ ನಡೆಸುವ ಕಾರಿನಲ್ಲಿ ಆ ಚಾಲಕನು ಬೇರೆ ಯಾರೂ ಅಲ್ಲ, ರಜೆಗೆ ಹೊರಟ ಯಜಮಾನನೇ. ಸೈಕಲ್ಲಿನವನ ಮನೆಗೆ ನ್ಯಾಯ ದೊರೆತೀತು. ಯಜಮಾನನ ಮನೆಗೆ ವಸೂಲಿಯ ನೋಟೀಸು ಬಂದೀತು.

ಎರಡನೆಯವರು ಹಿಂದಿನ ಸೀಟಿನಲ್ಲಿ ಕುಳಿತ ಹೆಂಡಿರು, ಮಕ್ಕಳು, ವೃದ್ಧ ತಾಯಿ. ಇವರಿಗೂ ವಿಮೆಯ ರಕ್ಷಣೆ ಇದ್ದೇ ಇರುವುದೆಂದು ಬಹು ಜನರ ನಂಬಿಕೆ. ಸ್ವಂತ ಕಾರಿಗೆ ಕಾಯಿದೆಯ ಮಟ್ಟಿಗೆ ಮಾತ್ರ ಮಾಡಿಸಿದ ಅಗ್ಗದ ಪಾಲಿಸಿಯು ಒಳಗಿರುವವರಿಗೆ ಅನ್ವಯಿಸುವುದಿಲ್ಲ. ಸಮಗ್ರ ಪಾಲಿಸಿ ಇದ್ದರೆ ಅವರ ಹೊಣೆಯೂ ಕಂಪೆನಿಯ ಮೇಲೆ ಬೀಳುವುದೆಂದು ವಿಮಾ ನಿಯಂತ್ರಣ ಪ್ರಾಧಿಕಾರದವರು 2009ರಲ್ಲಿ ಸ್ಪಷ್ಟಪಡಿಸಿದರು; 2012ರಲ್ಲಿ ಸುಪ್ರೀಂ ಕೋರ್ಟು ಅದೇ ಭೇದವನ್ನು ಎತ್ತಿಹಿಡಿಯಿತು. ಆ ಸಮಗ್ರ ಪಾಲಿಸಿಯೂ ಸ್ವಂತ ಉಪಯೋಗಕ್ಕೆ ಮಾಡಿಸಿದ್ದಾಗಿದ್ದು, ಕಾರು ಬಾಡಿಗೆಗೆ ಹೋಗಿದ್ದರೆ ಹಿಂದೆ ಹೇಳಿದ ತಗಾದೆಯೇ ಮತ್ತೆ ಎದ್ದು ನಿಲ್ಲುವುದು. ಹಳದಿ ಅಥವಾ ಕಪ್ಪು ಬೋರ್ಡಿನ ಗಾಡಿಯಲ್ಲಾದರೆ ಪ್ರಯಾಣಿಕರ ವಿಮೆ ಕಾಯಿದೆಯಂತೆಯೇ ಕಡ್ಡಾಯ.

ಮೂರನೆಯವನು ಸ್ಟಿಯರಿಂಗ್ ಹಿಡಿದವನು. ಎಲ್ಲರಿಗಿಂತ ಹೆಚ್ಚು ಅನಾಥನಾಗಿರುವವನು ಈತನೇ. ಇಳಕಲ್ಲಿನಿಂದ ತನ್ನ ಊರಾದ ಗುಡೂರಿಗೆ ಬೇರೊಬ್ಬರ ಮೋಟಾರು ಸೈಕಲ್ಲಿನ ಮೇಲೆ ಹೊರಟವನೊಬ್ಬನು ಮುಂದಿದ್ದ ಎತ್ತಿನ ಬಂಡಿಗೆ ಡಿಕ್ಕಿ ಹೊಡೆದು ಮೃತನಾದನು. ಆತನ ವಾರಸುದಾರರ ಮೊಕದ್ದಮೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ವಾಹನವನ್ನು ಎರವಲು ಪಡೆದು ನಡೆಸುವವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುವನು, ತಪ್ಪನ್ನು ಸಿದ್ಧಪಡಿಸದೆಯೇ ಪರಿಹಾರ ಕೊಡಿಸುವ 163ಎ ಕಲಮಿನ ಮೇರೆಗೆ ಆತನ ಕಡೆಯವರು ಆ ವಾಹನದ ವಿಮೆಯಿಂದ ಪರಿಹಾರ ಪಡೆಯಲಾರರು. ಮಾಲೀಕ–ಚಾಲಕನಿಗಾಗಿ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯನ್ನು 2018ರಲ್ಲಿ ಗೊತ್ತುಮಾಡಲಾಯಿತಾದರೂ ಅದು ನೋಂದಾಯಿತ ಮಾಲೀಕನ ಹೆಸರಿನಲ್ಲಿರುವ ರಕ್ಷಣೆ. ಬಾಡಿಗೆದಾರನು ಅದನ್ನು ನೆಚ್ಚಿಕೊಂಡು ಹೊರಡತಕ್ಕುದಲ್ಲ. ದುಡಿಯುವ ಕೈ ಯಾರದೋ, ಸ್ಟಿಯರಿಂಗ್ ಹಿಡಿಯುವ ಕೈಯೂ ಬಹುತೇಕ ಅವರದೇ ಆಗಿರುವುದರಿಂದ ಈ ಅಂಶವನ್ನು ನಾವು ಒತ್ತಿ ಹೇಳುತ್ತೇವೆ.

ಕಾರಿನ ಜಖಮಿನ ಮಾತು ಕಡೆಯದು. ಲೈಸೆನ್ಸುಳ್ಳ ಕಂಪೆನಿಯಿಂದ ಪಡೆದ ಕಾರಿನಲ್ಲಿಯೂ ಕರಾರನ್ನು ಓದಬೇಕು. ಜಖಮಿನ ಖರ್ಚಿನಲ್ಲಿ ಮೊದಲ ಇಷ್ಟು ಸಾವಿರ ಬಾಡಿಗೆದಾರನದೆಂದು ಬರೆದಿರುವುದುಂಟು. ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ಕೇಳುವುದುಂಟು. ಇದಕ್ಕೆ ಸಾಮಾನ್ಯ ವಿಮೆಯ ಆಸರೆಯಿಲ್ಲ. ಕರಾರಿನಲ್ಲಿ ಹೆಸರಿಲ್ಲದವನು ನಡೆಸಿದರೆ, ಇಲ್ಲವೆ ಮದ್ಯಪಾನ ಮಾಡಿ ನಡೆಸಿದರೆ, ಎಲ್ಲ ರಿಯಾಯಿತಿಗಳೂ ರದ್ದಾಗುವುವು. "ಸ್ವಲ್ಪ ದೂರ ಬಾಮೈದ ಓಡಿಸಲಿ" ಎಂಬ ಸಲಿಗೆಯು ಸ್ವಂತ ಕಾರಿಗೆ ಒಪ್ಪಬಹುದು, ಬಾಡಿಗೆಯ ಕಾರಿಗಲ್ಲ. ಲೈಸೆನ್ಸಿನ ಬಗ್ಗೆ ಮಾತ್ರ ಒಂದು ಭಯ ತೀರಿದೆ. ಲಘು ವಾಹನದ ಲೈಸೆನ್ಸುಳ್ಳವನು 7,500 ಕಿಲೋಗ್ರಾಮಿನವರೆಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಮಾನಿಸಿದೆ.

ನಮ್ಮ ಜಿಲ್ಲೆಯವರಿಗೆ ಗಡಿಯ ಪ್ರಶ್ನೆಯೂ ಇದೆ. 1953ನೆಯ ಅಕ್ಟೋಬರ್ 1ರ ಮೊದಲು ಸಿರುಗುಪ್ಪೆಯಿಂದ ಆದೋನಿಗೆ ಹೋಗುವವನು ಬಳ್ಳಾರಿ ಜಿಲ್ಲೆಯನ್ನೇ ದಾಟುತ್ತಿರಲಿಲ್ಲ. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿಯು ಮೈಸೂರಿಗೂ ಸೇರಿದುವು. ಮನಸ್ಸಿನಲ್ಲಿ ಆ ಗೆರೆ ಮೂಡದಿದ್ದರೂ ಸಾರಿಗೆಯ ಕಾಯಿದೆಯಲ್ಲಿ ಮೂಡಿದೆ. ಕಾರಿನ ವಿಮೆಯು ಭಾರತದಾದ್ಯಂತ ನಡೆಯುವುದು. ಟ್ಯಾಕ್ಸಿಯ ಪರ್ಮಿಟ್ಟು ಹಾಗಲ್ಲ. ಕರ್ನಾಟಕಕ್ಕೆ ಮಾತ್ರ ಪರ್ಮಿಟ್ಟುಳ್ಳ ಗಾಡಿಯು ಮಂತ್ರಾಲಯದ ದಾರಿಯಲ್ಲಿ ಗಡಿ ದಾಟಿದೊಡನೆ ಪರ್ಮಿಟ್ಟಿಲ್ಲದ ಗಾಡಿಯಾಗುವುದು. ಅಖಿಲ ಭಾರತ ಪ್ರವಾಸಿ ಪರ್ಮಿಟ್ಟು ಇದೆಯೇ ಎಂದು ಮೊದಲೇ ಕೇಳಬೇಕು.

ಬಿಳಿ ಬೋರ್ಡಿನ ಮಾಲೀಕರನ್ನು ಕಳ್ಳರೆಂದು ನಿಂದಿಸುವುದು ನಮ್ಮ ಉದ್ದೇಶವಲ್ಲ. ಬ್ಯಾಂಕಿನ ಸಾಲದಲ್ಲಿ ಕಾರು ಕೊಂಡು, ತಿಂಗಳ ಕಂತು ತೀರಿಸಲು ಹೆಣಗುವ ಯುವಕರು ಅವರಲ್ಲಿ ಅನೇಕರು. ಕಾಯಿದೆಯೊಳಗೆ ಬಾಳಲು ಅವರಿಗೆ ದಾರಿ ಎಲ್ಲಿದೆ? ಐವತ್ತು ಕಾರುಗಳಿದ್ದರೆ ಮಾತ್ರ ಒಳಗೆ ಬಾ ಎನ್ನುವ ನಿಯಮವು ದೊಡ್ಡ ನಗರದ ದೊಡ್ಡ ಬಂಡವಾಳಗಾರನಿಗೆ ಬಾಗಿಲು ತೆರೆದು ಜಿಲ್ಲಾ ಊರಿನ ಸಣ್ಣವನನ್ನು ಹೊರಗೆ ನಿಲ್ಲಿಸಿದೆ. ಜಿಲ್ಲಾ ಕೇಂದ್ರಗಳಿಗೆ ಈ ಸಂಖ್ಯೆಯನ್ನು ಇಳಿಸಬೇಕು. ಇಲ್ಲವೆ ಹತ್ತು ಹನ್ನೆರಡು ಮಾಲೀಕರು ಸಹಕಾರ ಸಂಘವಾಗಿ ಸೇರಿ ಲೈಸೆನ್ಸು ಪಡೆಯಲು ಅನುಕೂಲ ಮಾಡಿಕೊಡಬೇಕು. ಹಿಡಿದು ದಂಡ ಹಾಕುವುದೊಂದೇ ಸಾರಿಗೆ ಇಲಾಖೆಯ ಕೆಲಸವಲ್ಲ. ರಜೆಯ ಮೊದಲು ಬಳ್ಳಾರಿ, ಸಿರುಗುಪ್ಪೆ, ಕುರುಗೋಡುಗಳ ಬಸ್ ನಿಲ್ದಾಣಗಳಲ್ಲಿ ಮೂರು ಬಣ್ಣದ ಫಲಕಗಳ ಅರ್ಥವನ್ನು ಬರೆದು ತೂಗುಹಾಕಲು ಎಷ್ಟು ಖರ್ಚಾದೀತು?

ವಿಮಾ ಕಂಪೆನಿಯವರಿಗೂ ಒಂದು ಮಾತು ಹೇಳಬೇಕಾಗಿದೆ. ನಮ್ಮ ಜನರು ಪಾಲಿಸಿಯನ್ನು ಓದುವುದಿಲ್ಲವೆಂದು ಅವರು ದೂರುವರು. ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಅಚ್ಚಾದ ಹತ್ತಾರು ಪುಟಗಳನ್ನು ಕುರುಗೋಡಿನ ರೈತನು ಹೇಗೆ ಓದಬೇಕು? ಕನ್ನಡಿಗನಿಂದ ಕಂತು ವಸೂಲು ಮಾಡುವವರು ಆತನಿಗೆ ಕನ್ನಡದಲ್ಲಿ ಷರತ್ತು ತಿಳಿಸುವುದು ಉಪಕಾರವಲ್ಲ, ಕರ್ತವ್ಯ. ಈ ಕಾರನ್ನು ಬಾಡಿಗೆಗೆ ಕೊಡತಕ್ಕುದಲ್ಲ, ಕೊಟ್ಟರೆ ವಿಮೆ ನಿಲ್ಲುವುದು ಎಂಬ ಒಂದು ಸಾಲನ್ನು ಮೊದಲ ಪುಟದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಚ್ಚಿಸಿದರೆ ಎಷ್ಟೋ ವ್ಯಾಜ್ಯಗಳು ಹುಟ್ಟದೆಯೇ ಹೋಗುವುವು.

ಅಲ್ಲಿಯ ತನಕ ಗೃಹಸ್ಥನು ತನ್ನ ಜಾಗರೂಕತೆಯನ್ನು ತಾನೇ ವಹಿಸಬೇಕು. ಹಣ ಕೊಡುವ ಮೊದಲು ಫಲಕದ ಬಣ್ಣವನ್ನು ನೋಡಿರಿ. ಗಾಡಿಯ ನಂಬರನ್ನು ಎಂಪರಿವಾಹನ್ ಎಂಬ ಸರಕಾರಿ ಆ್ಯಪಿನಲ್ಲಿ ಹಾಕಿದರೆ ವಾಹನದ ವರ್ಗವೂ ವಿಮೆಯ ಅವಧಿಯೂ ಎರಡು ನಿಮಿಷದಲ್ಲಿ ತಿಳಿಯುವುವು. ಪಾಲಿಸಿಯು ಸಮಗ್ರವೋ ಅಲ್ಲವೋ ಎಂದು ಕೇಳಿ ಅದರ ಪ್ರತಿಯನ್ನು ಪಡೆಯಿರಿ. ಕಾರನ್ನು ನಡೆಸುವವರೆಲ್ಲರ ಹೆಸರನ್ನೂ ಕರಾರಿನಲ್ಲಿ ಬರೆಯಿಸಿರಿ. ಅನ್ಯರ ಕಾರಿನ ವಿಮೆಯನ್ನು ಮಾತ್ರ ನಂಬದೆ ಮನೆಯವರ ಹೆಸರಿನಲ್ಲಿ ಅಪಘಾತ ವಿಮೆ ಇರಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರಿಗೆ ವರ್ಷಕ್ಕೆ 20 ರೂಪಾಯಿ ಕಂತಿನಲ್ಲಿ ಎರಡು ಲಕ್ಷ ರೂಪಾಯಿಗಳ ಅಪಘಾತ ರಕ್ಷಣೆಯಿದೆ. ದಾರಿಯಲ್ಲಿ ಕುಡಿಯುವ ಎರಡು ಲೋಟ ಚಹದ ಬೆಲೆ!

ದುರ್ದೈವದಿಂದ ಅಪಘಾತವೇ ಆದಲ್ಲಿ, ರಸ್ತೆಯ ಪಕ್ಕದಲ್ಲಿ ಪಂಚಾಯಿತಿ ಮಾಡಿ ಕಾಗದಕ್ಕೆ ಸಹಿ ಹಾಕಬಾರದು. ಗಾಯಗೊಂಡವರನ್ನು ಮೊದಲು ಆಸ್ಪತ್ರೆಗೆ ಸೇರಿಸಬೇಕು. 2025ನೆಯ ಮೇ ತಿಂಗಳಲ್ಲಿ ಪ್ರಕಟವಾದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಟ್ಟದ ಚಿಕಿತ್ಸೆಯು ನಗದಿಲ್ಲದೆ ದೊರೆಯುವುದು. ಪೊಲೀಸರಿಗೂ ಕಾರಿನ ಮಾಲೀಕನಿಗೂ ವಿಮಾ ಕಂಪೆನಿಗೂ ಅದೇ ದಿನ ಸುದ್ದಿ ಮುಟ್ಟಿಸಬೇಕು. ತಡವಾದಷ್ಟೂ ತಕರಾರು ಹೆಚ್ಚುವುದು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ, ಗುಡ್ಡದ ಮೇಲೆ ಕೋಟೆಯನ್ನಿಟ್ಟುಕೊಂಡ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾದುದಲ್ಲ. ಹೊರಡುವ ಮುನ್ನಾದಿನದ ಹತ್ತು ನಿಮಿಷದ ವಿಚಾರಣೆಯೇ ಆ ಬಾಗಿಲು. ಅದನ್ನು ಹಾಕಿ ಹೊರಟವನು ದಾರಿಯುದ್ದಕ್ಕೂ ಚಿಂತಿಸಬೇಕಾಗಿಲ್ಲ. ಮಕ್ಕಳೊಡನೆ ಕಿಟಕಿಯ ಹೊರಗಿನ ಲೋಕವನ್ನು ನೋಡುತ್ತ ಹೋಗಬಹುದು. ವಾಚಕ ಮಹಾಶಯರೆಲ್ಲರೂ ಈ ರಜೆಯಲ್ಲಿ ಸುಖವಾಗಿ ಹೋಗಿ ಸುಖವಾಗಿ ಮರಳಲೆಂದು ಹಾರೈಸುತ್ತೇವೆ.